ಸುಣ್ಣ ಬೇಕು, ತುತ್ತ ಬೇಡ

16 ಜೂನ್ 2024, ಭಾನುವಾರ
ಹಿರಿಯಡ್ಕ

"ಅಪ್ಪಾ, ಟ್ಯಾಂಕಿನಲ್ಲಿ ಎರಡು ಎಟ್ಟಿ ಉಂಟು!" ಬೆಳಿಗ್ಗೆ ಮಗಳ ಕೂಗು. ಎಟ್ಟಿ ಎಂದರೆ ಸಿಗಡಿ.

ಇರುವುದು ಒಂದೇ ಮಾರಾಯ್ತಿ. ಇನ್ನೊಂದು ಅದು ಬಿಚ್ಚಿಟ್ಟ ಅಂಗಿ. ರಾತ್ರಿ ಸಿಗಡಿ ಪೊರೆ ಬಿಟ್ಟಿದೆ. ಮೀಸೆ, ತಲೆಯ ಮುಳ್ಳು, ಆ ಮುಳ್ಳಿನ ಹಲ್ಲುಗಳು, ಸಣ್ಣ ಕಾಲುಗಳು, ಎಲ್ಲ ಇದ್ದ ಹಾಗೇ ಇವೆ. ಒಳಗೆ ಮಾತ್ರ ಖಾಲಿ. ಒಡೆದದ್ದು ಬೆನ್ನಿನಲ್ಲಿ, ತಲೆಯ ಚಿಪ್ಪು ಮತ್ತು ಹಿಂಭಾಗ ಸೇರುವ ಜಾಗದಲ್ಲಿ. ಅಷ್ಟು ಸಣ್ಣ ಸಂದಿಯಿಂದ ಅಷ್ಟುದ್ದದ ಇಕ್ಕಳಗಳನ್ನು ಹೇಗೆ ಎಳೆದುಕೊಂಡಿತೋ! ಹಳೆಯ ಚಿಪ್ಪಿನ ಇಕ್ಕಳ ಕಿತ್ತಳೆ ಬಣ್ಣದ್ದು. ಪಿವಿಸಿ ಪೈಪಿನೊಳಗೆ ಅಡಗಿ ಕೂತವನ ಇಕ್ಕಳ ನೀಲಿಗೆ ತಿರುಗಿದೆ, ಮೊದಲಿಗಿಂತ ಉದ್ದವೂ ಆಗಿದೆ. ಈ ಜಾತಿಯ ಗಂಡಿನಲ್ಲಿ ನೀಲಿ ಇಕ್ಕಳ ಬಂದರೆ ಯಜಮಾನಿಕೆ ಬಂತು ಎಂದೇ ಲೆಕ್ಕ. ಇನ್ನು ದೇಹ ಅಷ್ಟೇನೂ ಬೆಳೆಯುವುದಿಲ್ಲ, ಪೊರೆ ಬಿಡುವುದೂ ಅಪರೂಪ.

ಇವನು ಸಮುದ್ರದ ಎಟ್ಟಿ ಅಲ್ಲ, ಹೊಳೆಯ ದೊಡ್ಡ ಸಿಗಡಿ. ಶಾಸ್ತ್ರೀಯ ಹೆಸರು ಮ್ಯಾಕ್ರೋಬ್ರಾಕಿಯಂ ರೋಸೆನ್‌ಬರ್ಗಿ. ಗಂಡು 30 ಸೆಂಟಿಮೀಟರ್ ದಾಟುವುದುಂಟು. ಮಲ್ಪೆಯಿಂದ ಬರುವ ಟೈಗರ್ ಸಿಗಡಿಯ ಪಕ್ಕ ಇಟ್ಟರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಇವನ ಎರಡನೇ ಜೋಡಿ ಕಾಲೇ ಆ ಉದ್ದದ ಇಕ್ಕಳ, ಟೈಗರ್‌ಗೆ ಅಂಥದ್ದಿಲ್ಲ. ಇನ್ನೊಂದು ಗುರುತು ಹೊಟ್ಟೆಯ ಬದಿಯಲ್ಲಿದೆ. ಇವನಲ್ಲಿ ಎರಡನೇ ಚಿಪ್ಪುಪಟ್ಟಿಯ ಅಂಚು ಮುಂದಿನದನ್ನೂ ಹಿಂದಿನದನ್ನೂ ಮುಚ್ಚಿಕೊಂಡಿರುತ್ತದೆ.

ಖಾಲಿ ಚಿಪ್ಪನ್ನು ಹೊರಗೆ ತೆಗೆಯಲು ಮಗಳು ಕಡ್ಡಿ ಹಿಡಿದು ಬಂದಳು. ಬೇಡ, ಅಲ್ಲೇ ಇರಲಿ ಎಂದೆ. ಅದು ಅವನದೇ ಊಟ. ಚಿಪ್ಪಿನಲ್ಲಿದ್ದ ಸುಣ್ಣವನ್ನು ತಿಂದು ಸ್ವಲ್ಪ ವಾಪಸ್ ಪಡೆಯುತ್ತಾನೆ. ಉಳಿದದ್ದನ್ನು ನೀರಿನಿಂದಲೇ ಎಳೆದುಕೊಳ್ಳಬೇಕು. ಹೊಸ ಚಿಪ್ಪು ಗಟ್ಟಿಯಾಗುವುದು ಹಾಗೆ.

ನಮ್ಮೂರಲ್ಲಿ ಸಮಸ್ಯೆ ಇರುವುದೇ ಇಲ್ಲಿ. ಇಲ್ಲಿನ ಬಾವಿ ಎಂದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಬಾವಿ. ನೀರು ಕುಡಿಯಲು ಸಿಹಿ, ಬೇಳೆ ಬೇಗ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಆದರೆ ಅದರಲ್ಲಿ ಸುಣ್ಣವೇ ಇಲ್ಲ, ಮೇಲಿಂದ ಹುಳಿ ಗುಣ. ಸಿಗಡಿ ಸಾಕುವವರು ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 30ರಿಂದ 150 ಮಿಲಿಗ್ರಾಂ ಇರಲಿ ಎನ್ನುತ್ತಾರೆ. ನಮ್ಮ ಬಾವಿಯ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್‌ನವರಿಗೆ ಇದರ ಉಲ್ಟಾ ತಲೆನೋವು ಇರಬಹುದು, ಪಾಪ.

ಇದಕ್ಕೆ ಅಂಗಡಿಯ ಬಾಟಲಿ ಬೇಕಿಲ್ಲ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ ಇಡುತ್ತೇನೆ. ಒಂದು ಬಲೆ ಚೀಲದಲ್ಲಿ ತುಂಬಿ ಫಿಲ್ಟರ್ ಹತ್ತಿರ ತೂಗುಹಾಕಿದರೆ ಆಯ್ತು. ನೀರು ಹುಳಿ ಇದ್ದಷ್ಟು ಹೊತ್ತು ಚಿಪ್ಪು ಮೆಲ್ಲ ಕರಗುತ್ತದೆ, ಹುಳಿ ಹೋದ ಮೇಲೆ ಕರಗುವುದೂ ನಿಧಾನವಾಗುತ್ತದೆ. ಅಳತೆ ಮಾಡುವ ಗೋಜಿಲ್ಲ. ಮಳೆಗಾಲದಲ್ಲಿ ಚೀಲಕ್ಕೆ ಸ್ವಲ್ಪ ಜಾಸ್ತಿ ಹಾಕುತ್ತೇನೆ.

ಮಧ್ಯಾಹ್ನ ಮಳೆ ಬಿಟ್ಟಿತು. ಪಕ್ಕದ ತೋಟದ ಅಣ್ಣ ಅಡಿಕೆಗೆ ಮದ್ದು ಬಿಡಿಸಿ ನೇರ ನಮ್ಮ ಜಗಲಿಗೆ ಬಂದರು. ಪೊರೆ ಬಿಟ್ಟ ಸುದ್ದಿ ಮಗಳಿಂದ ಮುಟ್ಟಿತ್ತು. ಬಗ್ಗಿ ನೋಡಿದವರು ಟ್ಯಾಂಕಿಗೆ ಕೈ ಇಳಿಸಲು ಹೋದರು.

"ಅಣ್ಣ, ಕೈ ಹಾಕ್ಬೇಡಿ!"

"ಎಂತ, ಕಚ್ತದಾ?"

"ಅದಕ್ಕಲ್ಲ. ನಿಮ್ಮ ಕೈಯಲ್ಲಿ ತುತ್ತ ಉಂಟು."

ಅವರ ಬೆರಳ ಸಂದಿಯೆಲ್ಲ ನೀಲಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತುತ್ತದಲ್ಲಿರುವುದು ತಾಮ್ರ. ಮೀನು ತಡೆದುಕೊಳ್ಳುವ ಪ್ರಮಾಣದ ತಾಮ್ರವೂ ಸಿಗಡಿಯನ್ನು ಕೊಲ್ಲಬಹುದು, ಅದರಲ್ಲೂ ಮೈ ಮೆತ್ತಗಿರುವಾಗ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಅಂಗಡಿಯಲ್ಲಿ ಕೊಡುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಲೇಬಲ್ ಓದದೆ ಹಾಕಬಾರದು. ಮದ್ದಿನ ಒಂದೇ ಡ್ರಮ್ಮಿನಲ್ಲಿ ಇವನಿಗೆ ಬೇಕಾದ ಸುಣ್ಣವೂ ಇದೆ, ಇವನನ್ನು ಮುಗಿಸುವ ತುತ್ತವೂ ಇದೆ. ಅಣ್ಣ ನಕ್ಕು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು. ಮದ್ದು ಬಿಡುವ ದಿನಗಳಲ್ಲಿ ಟ್ಯಾಂಕಿನ ನೀರು ಬದಲಿಸುವುದಿಲ್ಲ. ಕಡಿಮೆಯಾದರೆ ತುಂಬಲು, ಮೊದಲೇ ಬೇರೆ ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಟ್ಟ ನೀರು ಸಾಕು.

ಇನ್ನು ಕರೆಂಟು. ಜೂನ್ ತಿಂಗಳ ಕರೆಂಟಿನ ಬಗ್ಗೆ ಬರೆದು ಪ್ರಯೋಜನ ಇಲ್ಲ. ಪೊರೆ ಬಿಡುವಾಗ ಸಿಗಡಿಗೆ ಆಮ್ಲಜನಕ ಜಾಸ್ತಿ ಬೇಕು, ಅದಕ್ಕೆ ಬ್ಯಾಟರಿಯ ಗಾಳಿ ಪಂಪು ಪಕ್ಕದಲ್ಲೇ ಇದೆ. ಟ್ಯಾಂಕಿನ ಮುಚ್ಚಳದ ಮೇಲೆ ಕಲ್ಲೂ ಇದೆ. ಇವನು ರಾತ್ರಿ ಪೈಪು ಹಿಡಿದು ಹತ್ತಿ ಹೊರಬರುವ ಜಾತಿ.

ಸಂಜೆ ಕಾರ್ಕಳದಿಂದ ಭಾವನ ಫೋನು. ಒಂಟಿ ಯಾಕೆ, ಹೆಣ್ಣೊಂದು ತಂದು ಬಿಡುತ್ತೇನೆ, ಮರಿ ಆಗಲಿ ಎಂಬ ಉಪಕಾರ. ಬೇಡ ಭಾವ ಎಂದೆ. ಹೆಣ್ಣು ಕೂಡುವುದು ತಾನು ಪೊರೆ ಬಿಟ್ಟ ಮೇಲೆ, ಮೈ ಮೆತ್ತಗಿರುವಾಗ. ಈ ನಾಲ್ಕಡಿ ಟ್ಯಾಂಕಿನಲ್ಲಿ ಯಾರು ಮೆತ್ತಗಿದ್ದರೂ ಇನ್ನೊಬ್ಬರು ತಿಂದು ಬಿಡಬಹುದು. ಮೊಟ್ಟೆ ಇಟ್ಟರೂ ಮುಂದಿನ ದಾರಿ ಕಷ್ಟ. ತಾಯಿ ಮೂರು ವಾರ ಹೊಟ್ಟೆಯಡಿ ಹೊತ್ತು, ಹೊಳೆಯಲ್ಲಾದರೆ ಸಮುದ್ರ ಸೇರುವ ಅಳಿವೆಯ ಕಡೆಗೆ ಇಳಿಯುತ್ತದೆ. ಮರಿಗಳಿಗೆ ಮೊದಮೊದಲು ಉಪ್ಪು ಬೆರೆತ ನೀರೇ ಬೇಕು. ಸಿಹಿ ನೀರಲ್ಲೇ ಬಿಟ್ಟರೆ ಕೆಲವೇ ದಿನದಲ್ಲಿ ಸಾಯುತ್ತವೆ. 1960ರ ದಶಕದ ಆರಂಭದಲ್ಲಿ ಮಲೇಷ್ಯಾದಲ್ಲಿ ವಿಜ್ಞಾನಿ ಎಸ್. ಡಬ್ಲ್ಯೂ. ಲಿಂಗ್ ಇದನ್ನು ಕಂಡುಹಿಡಿದ ಮೇಲೆಯೇ ಈ ಸಿಗಡಿಯ ಕೃಷಿ ಸಾಧ್ಯವಾದದ್ದು.

"ಹಾಗಾದ್ರೆ ಕೋಡಿ ಬೆಂಗ್ರೆಯ ಅಳಿವೆಯಿಂದ ಎರಡು ಕ್ಯಾನ್ ನೀರು ತಂದ್ರೆ ಆಯ್ತಲ್ಲ?" ಎಂದರು ಭಾವ. ಇವರಿಗೆ ಉತ್ತರ ಕೊಟ್ಟಷ್ಟೂ ಯೋಜನೆ ದೊಡ್ಡದಾಗುತ್ತದೆ. ಫೋನನ್ನು ಅಕ್ಕನಿಗೆ ಕೊಡಿ ಎಂದೆ.