ಮಕ್ಕಳ ಓದಿನ ಸಾಲಕ್ಕೆ ಅಪ್ಪನ ಸಹಿ

ಶಿಕ್ಷಣ ಸಾಲದ ಕಾಗದಕ್ಕೆ ಅಪ್ಪನೋ ಅಮ್ಮನೋ ಹಾಕುವುದು ಸಾಕ್ಷಿಯ ಸಹಿಯಲ್ಲ, ಸಾಲಗಾರರ ಸಹಿ. ಕಂತು ತಪ್ಪಿದರೆ ಬ್ಯಾಂಕು ಮೊದಲು ಮಗನನ್ನೇ ಕೇಳಬೇಕೆಂದಿಲ್ಲ, ನೇರ ಅಪ್ಪನ ಮನೆ ಬಾಗಿಲಿಗೆ ಬರಬಹುದು. ಸಾಲ ತೀರಿಸುವ ಶಿಸ್ತಿಗೆ ಸಿಗುವ ಅಂಕ, ಅಂದರೆ ಸಿಬಿಲ್ ಸ್ಕೋರ್, ಇಬ್ಬರದೂ ಇಳಿಯುತ್ತದೆ.

ಹೊರೆ ಬೆಳೆಯುವುದು ಓದುವ ದಿನಗಳಲ್ಲೇ. ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಶೇ 10ರ ದರದಲ್ಲಿ 10 ಲಕ್ಷ ಒಮ್ಮೆಗೇ ಬಿಡುಗಡೆಯಾಗಿದ್ದರೆ, ಕಂತು ಶುರುವಾಗುವ ಮುಂಚಿನ 3 ವರ್ಷಕ್ಕೆ ಸರಳ ಬಡ್ಡಿಯೇ 3 ಲಕ್ಷ. ಅದು ಅಸಲಿಗೆ ಸೇರಿ 13 ಲಕ್ಷಕ್ಕೆ ಕಂತು ಬೀಳುತ್ತದೆ: 10 ವರ್ಷಕ್ಕಾದರೆ ತಿಂಗಳಿಗೆ ಸುಮಾರು 17,200 ರೂಪಾಯಿ, 15 ವರ್ಷಕ್ಕಾದರೆ ಸುಮಾರು 14,000. ಹಗುರವೆಂದು ಎರಡನೆಯದನ್ನು ಆರಿಸಿದರೆ ಒಟ್ಟು ಕಟ್ಟುವುದು 20.6 ಲಕ್ಷದ ಬದಲು 25 ಲಕ್ಷದ ಮೇಲೆ, ಅದೂ ಅಪ್ಪನ ನಿವೃತ್ತಿಯ ಆಚೆಗೂ. ಓದುವಾಗಿನಿಂದಲೇ ತಿಂಗಳ ಬಡ್ಡಿ 8,333 ರೂಪಾಯಿ ಕಟ್ಟುತ್ತಾ ಬಂದವರಿಗೆ ಅಸಲು 10 ಲಕ್ಷದಲ್ಲೇ ನಿಲ್ಲುತ್ತದೆ. ಅರ್ಧ ಕಟ್ಟಿದರೂ ಲಾಭವೇ.

ಮಗನಿಗೆ ಕೆಲಸ ಸಿಕ್ಕಿಲ್ಲವೇ? ಮೊದಲ ಕಂತಿನ ದಿನಕ್ಕೆ ಮುಂಚೆಯೇ ಶಾಖೆಗೆ ಅರ್ಜಿ ಕೊಡಿ. ಮ್ಯಾನೇಜರ್ ಬಾಯಲ್ಲಿ ‘ನೋಡೋಣ’ ಅಂದದ್ದು ಲೆಕ್ಕಕ್ಕಿಲ್ಲ. ಸ್ವೀಕೃತಿ ಸೀಲ್ ಬಿದ್ದ ಪ್ರತಿ ನಿಮ್ಮ ಕೈಲಿರಲಿ. ಅವಧಿ ವಿಸ್ತರಣೆಯನ್ನೋ ಕಂತಿನ ಮರುಹೊಂದಾಣಿಕೆಯನ್ನೋ ಕೇಳಬಹುದು, ಒಪ್ಪುವುದು ಬಿಡುವುದು ಬ್ಯಾಂಕಿಗೆ ಸೇರಿದ್ದು. ಸುಸ್ತಿ 90 ದಿನ ದಾಟಿ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆದಮೇಲೆ ಇದೇ ಮಾತಿಗೆ ಕಿವಿಗೊಡುವವರು ಕಡಿಮೆ. ಮನೆ ಅಡವಿಟ್ಟಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ, 60 ದಿನದೊಳಗೆ ಬಾಕಿ ಕಟ್ಟಿ ಎಂಬ ನೋಟಿಸ್ ಬರಬಹುದು. ಹೆದರಿ ಸುಮ್ಮನೆ ಕೂರಬೇಡಿ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟರೆ 15 ದಿನದಲ್ಲಿ ಬ್ಯಾಂಕು ಕಾರಣ ಸಮೇತ ಉತ್ತರಿಸಲೇಬೇಕು. ಕೃಷಿಭೂಮಿ ಈ ಕಾಯ್ದೆಯ ಹೊರಗಿದೆ. ಹಾಗಂತ ಬ್ಯಾಂಕಿಗೆ ಕೋರ್ಟಿನ ದಾರಿ ಮುಚ್ಚಿಲ್ಲ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

ಕಂತು ಕಟ್ಟುವವರು ನೀವೇ ಆಗಿದ್ದರೆ ನಿಮ್ಮ ಖಾತೆಯಿಂದಲೇ ನೇರ ಹೋಗಲಿ. 80ಇ ಎಂದು ಎಲ್ಲರೂ ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಷ್ಟೇ ಉಂಟು, ಅದೂ ಬಡ್ಡಿಗೆ ಮಾತ್ರ, ಗರಿಷ್ಠ 8 ವರ್ಷ. ಮಗನ ಖಾತೆಗೆ ದುಡ್ಡು ಹಾಕಿ ಅಲ್ಲಿಂದ ಕಟ್ಟಿಸಿದರೆ, ಕಟ್ಟಿದ್ದು ನೀವೇ ಎಂದು ತೋರಿಸಲು ಒದ್ದಾಡಬೇಕಾಗುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಬಡ್ಡಿ ಪ್ರಮಾಣಪತ್ರ ಕೇಳಿ ಪಡೆಯಿರಿ.