ಬೆಂಡ್ ತೆಗೆದ ಮಾತ್ರಕ್ಕೆ ಗಾಲಿ ಗಟ್ಟಿಯಾಗುವುದಿಲ್ಲ

ದಾವಣಗೆರೆಯಲ್ಲಿ ಸೈಕಲ್ ಗಾಲಿಯ ಕೆಲಸವೆಂದರೆ ಬಹುಪಾಲು ಜನರ ಮನಸ್ಸಿಗೆ ಬರುವುದು ಬೆಂಡ್ ತೆಗೆಸುವುದೊಂದೇ. ಗಾಲಿಯನ್ನು ತಿರುಗಿಸಿ ನೋಡಿ, ರಿಮ್ ಯಾವ ಕಡೆಯ ಬ್ರೇಕ್ ರಬ್ಬರಿಗೆ ತಾಗುತ್ತದೆಯೋ ಆ ಕಡೆಯ ಕಡ್ಡಿಯನ್ನು ಸಡಿಲಿಸಿ, ಎದುರು ಕಡೆಯದನ್ನು ಬಿಗಿಮಾಡಿ, ಓಲಾಟ ನಿಂತಿತೆಂದರೆ ಕೆಲಸ ಮುಗಿದಂತೆ. ಆದರೆ ಹೀಗೆ ನೇರವಾದ ಗಾಲಿಯಲ್ಲಿ ಒಂದು ಕಡ್ಡಿ ಮಿತಿಮೀರಿ ಬಿಗಿದಿದ್ದು, ಅದರ ಪಕ್ಕದ್ದು ಹೆಸರಿಗಷ್ಟೇ ಸಿಕ್ಕಿಕೊಂಡಿರಬಹುದು. ನೋಡುವ ಕಣ್ಣಿಗೆ ಎರಡೂ ಒಂದೇ. ಕೈಯಿಂದ ಗಾಲಿ ಕಟ್ಟುವ ಕೆಲಸದ ತಿರುಳು ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಕಡ್ಡಿಗಳ ಬಿಗಿ ಸಾಕಷ್ಟಿದ್ದು, ಅದು ಎಲ್ಲ ಕಡ್ಡಿಗಳಿಗೂ ಸಮನಾಗಿ ಹಂಚಿಕೆಯಾಗಿದ್ದರೆ ಮಾತ್ರ ಗಾಲಿ ನೇರವಾಗಿಯೇ ಉಳಿಯುತ್ತದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಗಾಲಿ ಭಾರ ಹೊರುವ ಬಗೆಯನ್ನು ತುಸು ನೋಡಬೇಕು. 2 ಮಿ.ಮೀ. ದಪ್ಪದ ಉಕ್ಕಿನ ತಂತಿಯನ್ನು ತುದಿಯಿಂದ ಒತ್ತಿದರೆ ಬಾಗಿಹೋಗುತ್ತದೆ; ಅದರ ಶಕ್ತಿಯೆಲ್ಲ ಎಳೆಯುವುದರಲ್ಲಿದೆ. ಆದ್ದರಿಂದಲೇ ಕಟ್ಟುವಾಗ ಪ್ರತಿಯೊಂದು ಕಡ್ಡಿಯನ್ನೂ ಮೊದಲೇ ಎಳೆದು ಬಿಗಿದಿಡುತ್ತೇವೆ. ಸವಾರ ಸೀಟಿನ ಮೇಲೆ ಕುಳಿತಾಗ ನೆಲಕ್ಕೆ ನೇರ ಮೇಲಿರುವ ನಾಲ್ಕಾರು ಕಡ್ಡಿಗಳ ಬಿಗಿ ಗಣನೀಯವಾಗಿ ಇಳಿಯುತ್ತದೆ, ಉಳಿದವುಗಳಲ್ಲಿ ವ್ಯತ್ಯಾಸ ಅತ್ಯಲ್ಪ. ಗಾಲಿ ಉರುಳಿದಂತೆ ಪ್ರತಿ ಸುತ್ತಿಗೊಮ್ಮೆ ಪ್ರತಿ ಕಡ್ಡಿಯೂ ಹೀಗೆ ಸಡಿಲಗೊಂಡು ಮತ್ತೆ ಬಿಗಿಯುತ್ತದೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ.; ಒಂದು ಸುತ್ತಿಗೆ 2.14 ಮೀಟರ್ ಉರುಳುವ ಗಾಲಿ ಅಷ್ಟು ದೂರದಲ್ಲಿ 28,000 ಸುತ್ತು ತಿರುಗುತ್ತದೆ, ಅಂದರೆ ಒಂದೊಂದು ಕಡ್ಡಿಯೂ ಅಷ್ಟೇ ಸಲ ಸಡಿಲವಾಗಿ ಬಿಗಿಯುತ್ತದೆ. ಮೊದಲೇ ಸಡಿಲವಿದ್ದ ಕಡ್ಡಿಯಾದರೆ ಕೆಳಕ್ಕೆ ಬಂದಾಗಲೆಲ್ಲ ಅದರ ಬಿಗಿ ಪೂರ್ತಿ ಕಳೆದುಹೋಗಿ, ಕಡ್ಡಿಯ ತುದಿಯನ್ನು ರಿಮ್ಮಿನಲ್ಲಿ ಹಿಡಿದಿಡುವ ಪುಟ್ಟ ನಟ್ಟು, ಅಂದರೆ ನಿಪ್ಪಲ್, ತನ್ನಷ್ಟಕ್ಕೆ ತಿರುಗಿಕೊಳ್ಳುತ್ತದೆ. ಗಾಲಿಯ ನಟ್ಟನಡುವಿನ ಹಬ್ಬಿನ ತೂತಿನಲ್ಲಿ ಕೂತಿರುವ ಕಡ್ಡಿಯ ಮೊಣಕೈಯಂತಹ ಬಾಗು ಅಲುಗಾಡುತ್ತಾ ದಣಿದು ಒಂದು ದಿನ ಅಲ್ಲಿಯೇ ಮುರಿಯುತ್ತದೆ. ಕಡ್ಡಿ ಮುರಿದೊಡನೆ ಬಿಗಿ ಹೆಚ್ಚಾಯಿತೆಂದು ದೂರುವವರೇ ಹೆಚ್ಚು, ಆದರೆ ನಿಜವಾದ ಕಾರಣ ಸಾಮಾನ್ಯವಾಗಿ ಬಿಗಿ ಸಾಲದೇ ಇದ್ದದ್ದು.

ಗಾಲಿಯ ವಿನ್ಯಾಸ ಆರಂಭವಾಗುವುದು ಅದರ ಮೇಲೆ ಯಾರು ಕೂರುತ್ತಾರೆ, ಏನನ್ನು ಹೇರುತ್ತಾರೆ ಎಂಬ ಪ್ರಶ್ನೆಯಿಂದ. ಸುತ್ತಲಿನ ಹಳ್ಳಿಗಳಿಂದ ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುತ್ತಿದ್ದವರ 28 ಇಂಚಿನ ರಾಡ್ ಬ್ರೇಕ್ ಸೈಕಲ್ಲುಗಳನ್ನು ನೆನೆಯಿರಿ: ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರದ ಹೆಚ್ಚಿನ ಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ ಎಂಬ ತಿಳಿವಳಿಕೆ ಆ ಲೆಕ್ಕದಲ್ಲೇ ಅಡಗಿದೆ, ಮತ್ತು ಅದಕ್ಕಿಂತ ವಿವೇಕದ ಹಂಚಿಕೆಯನ್ನು ನಾನು ಕಂಡಿಲ್ಲ. ಈಗ ಭಾನುವಾರ ಬೆಳಿಗ್ಗೆ ಕೊಂಡಜ್ಜಿಯ ಕಡೆಗೆ ಹೋಗುವ, ಚಿತ್ರದುರ್ಗದ ಜೋಗಿಮಟ್ಟಿಯ ಏರು ಹತ್ತುವ ಯುವಕರು 24 ಅಥವಾ 20 ಕಡ್ಡಿಯ ಗಾಲಿ ಕೇಳುತ್ತಾರೆ. ತೂಕ ಉಳಿಯುವುದು ಸ್ವಲ್ಪವೇ. 36 ಕಡ್ಡಿಯ ಗಾಲಿಯಲ್ಲಿ ಭರಮಸಾಗರದ ಹತ್ತಿರ ಒಂದು ಕಡ್ಡಿ ಮುರಿದರೂ ರಿಮ್ ಸ್ವಲ್ಪವೇ ಓಲಾಡುತ್ತದೆ, ನಿಧಾನವಾಗಿ ಮನೆ ಸೇರಬಹುದು. 20 ಕಡ್ಡಿಯದರಲ್ಲಿ ಒಂದು ಹೋದರೆ ರಿಮ್ ಫ್ರೇಮಿಗೆ ಒರೆಸಿಕೊಂಡು ನಿಂತೇಬಿಡುವ ಸಂಭವವಿದೆ. ಚೀಲ ಕಟ್ಟಿಕೊಂಡು ದೂರ ಹೋಗುವವರಿಗೆ ನಾನು 36ಕ್ಕಿಂತ, ಹಗುರ ಮೈಯವರಿಗೆ 32ಕ್ಕಿಂತ ಕಡಿಮೆ ಹೇಳುವುದಿಲ್ಲ.

ಕಡ್ಡಿಯ ದಪ್ಪದ ವಿಷಯದಲ್ಲಿಯೂ ಒಂದು ತಪ್ಪು ಕಲ್ಪನೆಯಿದೆ. ದಪ್ಪವಿದ್ದಷ್ಟೂ ಗಟ್ಟಿ ಎಂದು ತಿಳಿಯುತ್ತಾರೆ. ಎರಡೂ ತುದಿಯಲ್ಲಿ 2 ಮಿ.ಮೀ. ಇದ್ದು ನಡುವೆ 1.8 ಮಿ.ಮೀ.ಗೆ ಸಣ್ಣಗಾಗುವ ಕಡ್ಡಿಯನ್ನು ಬಳಸಿದರೆ ಗಾಲಿ ಹೆಚ್ಚು ಬಾಳುತ್ತದೆ, ಏಕೆಂದರೆ ಅದೇ ಬಿಗಿಗೆ ಸಣ್ಣ ನಡುವಿನ ಕಡ್ಡಿ ಹೆಚ್ಚು ಹಿಗ್ಗಿರುತ್ತದೆ. ಗುಂಡಿಗೆ ಬಿದ್ದು ರಿಮ್ ಒಳಕ್ಕೆ ತಗ್ಗಿದಾಗಲೂ ಆ ಹಿಗ್ಗಿನಲ್ಲಿ ಒಂದಿಷ್ಟು ಉಳಿದಿರುವುದರಿಂದ ಕಡ್ಡಿ ಪೂರ್ತಿ ಸಡಿಲವಾಗುವುದಿಲ್ಲ.

ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆಯುವ ಕ್ರಮಕ್ಕೆ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಪೆಡಲ್ ತುಳಿದಾಗ ಹಬ್ ಮೊದಲು ತಿರುಗಲೆತ್ನಿಸುತ್ತದೆ. ನೆಟ್ಟಗೆ ಹೊರಟ ಕಡ್ಡಿಗೆ ಆ ತಿರುಚನ್ನು ರಿಮ್ಮಿಗೆ ದಾಟಿಸುವುದು ಕಷ್ಟ, ಹಬ್ಬಿನ ಅಂಚನ್ನು ಸವರಿಕೊಂಡು ಓರೆಯಾಗಿ ಹೊರಟ ಕಡ್ಡಿಗೆ ಸುಲಭ. ಹಿಂದಿನ ಗಾಲಿಗೆ ಮೂರು ಹಾಯುವಿಕೆ, ಅಂದರೆ ಒಂದೊಂದು ಕಡ್ಡಿಯೂ ಅದೇ ಬದಿಯ ಬೇರೆ ಮೂರು ಕಡ್ಡಿಗಳನ್ನು ಹಾದುಹೋಗುವುದು, ನನ್ನ ಪದ್ಧತಿ.

ಕಡ್ಡಿಯ ಉದ್ದವನ್ನು ಅಂದಾಜಿನ ಮೇಲೆ ಬಿಡಬಾರದು, ಹಾಗೆ ಬಿಡಬೇಕಾದ ಅಗತ್ಯವೂ ಇಲ್ಲ. ಪ್ರೌಢಶಾಲೆಯ ತ್ರಿಕೋನಮಿತಿ ಸಾಕು. ರಿಮ್ಮಿನಲ್ಲಿ ಎದುರುಬದುರಾಗಿ ಕೂತ ಎರಡು ನಿಪ್ಪಲ್‌ಗಳ ತಲೆಯಿಂದ ತಲೆಗೆ 600 ಮಿ.ಮೀ., ಹಬ್ಬಿನ ಬಿಲ್ಲೆಯಲ್ಲಿ (ಕಡ್ಡಿ ಸಿಕ್ಕಿಸುವ ತೂತುಗಳಿರುವ ಅಂಚಿನ ತಟ್ಟೆ) ತೂತುಗಳ ವೃತ್ತದ ವ್ಯಾಸ 45 ಮಿ.ಮೀ., ಹಬ್ಬಿನ ನಡುವಿನಿಂದ ಬಿಲ್ಲೆಗೆ 35 ಮಿ.ಮೀ. ಎಂದಿಟ್ಟುಕೊಳ್ಳಿ. 36 ಕಡ್ಡಿ, ಮೂರು ಹಾಯುವಿಕೆಯಾದರೆ ಕಡ್ಡಿಯ ಎರಡು ತುದಿಗಳ ನಡುವೆ ಗಾಲಿಯ ಕೇಂದ್ರದಲ್ಲಿ ಬರುವ ಕೋನ 60 ಡಿಗ್ರಿ. 300, 22.5 ಮತ್ತು 35ರ ವರ್ಗಗಳನ್ನು ಕೂಡಿಸಿ, ಅದರಿಂದ 300 ಮತ್ತು 22.5ರ ಗುಣಲಬ್ಧದ ಎರಡರಷ್ಟನ್ನು ಕೋನದ ಕೊಸೈನಿನಿಂದ ಗುಣಿಸಿ ಕಳೆದು, ವರ್ಗಮೂಲ ತೆಗೆದರೆ 291.5 ಬರುತ್ತದೆ, ಬಿಲ್ಲೆಯ ತೂತಿನ ಅರ್ಧ ವ್ಯಾಸ 1.3 ಕಳೆದರೆ 290.2. ಆದ್ದರಿಂದ 290 ಮಿ.ಮೀ. ಕಡ್ಡಿ. ರಿಮ್ಮಿನ ಅಳತೆಯನ್ನು ಪೆಟ್ಟಿಗೆಯ ಮೇಲಿನ ಬರಹದಿಂದ ತೆಗೆದುಕೊಳ್ಳದೆ, ನಾನೇ ಎರಡು ಕಡ್ಡಿ ಹಾಕಿ ಅಳೆಯುತ್ತೇನೆ.

ಕಟ್ಟುವಾಗ ಕಡ್ಡಿಯ ಮರೆಗೆ, ಅಂದರೆ ತುದಿಯಲ್ಲಿರುವ ತಿರುಪಿನ ಗೆರೆಗಳಿಗೆ, ಅಗಸೆ ಎಣ್ಣೆ ಹಚ್ಚುತ್ತೇನೆ: ತಿರುಗಿಸುವಾಗ ಜಾರುತ್ತದೆ, ಒಣಗಿದ ಮೇಲೆ ನಿಪ್ಪಲ್ಲನ್ನು ಹಿಡಿದುಕೊಳ್ಳುತ್ತದೆ. ನಿಪ್ಪಲ್ ಹಿತ್ತಾಳೆಯದೇ ಆಗಬೇಕು. ಎಲ್ಲವನ್ನೂ ಮರೆಯ ಒಂದೇ ಮಟ್ಟಕ್ಕೆ ತಂದು, ಅಲ್ಲಿಂದ ಅರ್ಧರ್ಧ ಸುತ್ತು ಸಮನಾಗಿ ಏರಿಸುತ್ತಾ ಹೋದರೆ ರಿಮ್ ಹೆಚ್ಚುಕಡಿಮೆ ತಾನೇ ನೇರವಾಗುತ್ತದೆ. ಮರೆ ಇಂಚಿಗೆ 56 ಸುತ್ತಿನದಾದ್ದರಿಂದ ನಿಪ್ಪಲ್ಲಿನ ಒಂದು ಪೂರ್ತಿ ಸುತ್ತಿಗೆ ಕಡ್ಡಿ 0.45 ಮಿ.ಮೀ. ಒಳಸರಿಯುತ್ತದೆ, ಕೊನೆಯ ಹಂತದಲ್ಲಿ ಕಾಲು ಸುತ್ತು, ಅರೆಕಾಲು ಸುತ್ತಿನ ಕೆಲಸವೇ ಎಲ್ಲ. ಬಿಗಿ ಏರಿದಂತೆ ನಿಪ್ಪಲ್ಲಿನ ಜೊತೆಗೆ ಕಡ್ಡಿಯೂ ತಿರುಚಿಕೊಳ್ಳುವುದರಿಂದ ಬೇಕಾದುದಕ್ಕಿಂತ ತುಸು ಮುಂದೆ ತಿರುಗಿಸಿ ಹಿಂದಕ್ಕೆ ತರಬೇಕು.

ಹಿಂದಿನ ಗಾಲಿಯಲ್ಲಿ ಫ್ರೀವೀಲಿಗೆ ಜಾಗ ಬಿಟ್ಟಿರುವುದರಿಂದ ಬಲಬದಿಯ ಕಡ್ಡಿಗಳು ಹೆಚ್ಚು ನೆಟ್ಟಗೆ, ಎಡಬದಿಯವು ಹೆಚ್ಚು ಓರೆಯಾಗಿ ನಿಲ್ಲುತ್ತವೆ. ರಿಮ್ ನಟ್ಟನಡುವೆ ಕೂರಬೇಕಾದರೆ ಬಲಕ್ಕೆ 110ರಿಂದ 120 ಕಿಲೋ ಬಲದ ಬಿಗಿಯಿದ್ದಾಗ ಎಡಕ್ಕೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಇರುತ್ತದೆ. ಆದ್ದರಿಂದ ಸಮ ಎಂಬುದನ್ನು ಆಯಾ ಬದಿಯೊಳಗೇ ನೋಡಬೇಕು. ಬಿಗಿ ಅಳೆಯುವ ಮೀಟರ್ ನನ್ನ ಬಳಿ ಇದೆ. ಆದರೂ ಕಡ್ಡಿಯನ್ನು ಮೀಟಿ ಕೇಳುವ ಅಭ್ಯಾಸ ಬಿಟ್ಟಿಲ್ಲ. ಈ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಸ್ಪೋಕ್ ಕೀಯಿಂದ ಕಡ್ಡಿಗಳನ್ನು ಸಾಲಾಗಿ ತಟ್ಟಿ, "ಕಣ್ಣಿಂದ ಅಲ್ಲಪ್ಪ, ಕಿವಿಯಿಂದ ನೋಡು" ಎನ್ನುತ್ತಿದ್ದರು. ಒಂದೇ ಬದಿಯ, ಒಂದೇ ದಪ್ಪದ ಕಡ್ಡಿಗಳಲ್ಲಿ ಸ್ವರ ಒಂದೇ ಆಗಿದ್ದರೆ ಬಿಗಿಯೂ ಒಂದೇ.

ಇನ್ನುಳಿದದ್ದು ಒಂದು ಕೆಲಸ, ಅವಸರದಲ್ಲಿ ಎಲ್ಲರೂ ಬಿಡುವುದೂ ಅದನ್ನೇ. ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಎರಡೂ ಬದಿಯಲ್ಲಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಸುಕುತ್ತಾ ಇಡೀ ಗಾಲಿಯನ್ನು ಸುತ್ತಬೇಕು. ಕಡ್ಡಿಯನ್ನು ಬಗ್ಗಿಸಿದಾಗ ಬಾಗಿನಲ್ಲಿ ಉಳಿದಿದ್ದ ಒತ್ತಡ ಇದರಿಂದ ಕಳೆಯುತ್ತದೆ, ಸರಿಯಾಗಿ ಕೂರದ ತಲೆಗಳು ಬಿಲ್ಲೆಯಲ್ಲಿ ಕೂರುತ್ತವೆ. ಬಳಿಕ ರಿಮ್ ಮತ್ತೆ ತುಸು ಓಲಾಡುತ್ತದೆ. ಮತ್ತೆ ಸರಿಪಡಿಸಿ, ಮತ್ತೆ ಹಿಸುಕಬೇಕು. ಹಿಸುಕಿದರೂ ರಿಮ್ ಕದಲದಿದ್ದಾಗ ಟೈರ್ ಹಾಕಬಹುದು.

ಓದುವವರು ತಮ್ಮ ಸೈಕಲ್ಲಿನ ಹಿಂದಿನ ಗಾಲಿಯನ್ನು ಇಂದೇ ಪರೀಕ್ಷಿಸಬಹುದು. ಫ್ರೀವೀಲ್ ಇರುವ ಬದಿಯ ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಸುಕಿ ನೋಡಿ. ಒಂದು ಜೋಡಿ ಮಾತ್ರ ಉಳಿದವಕ್ಕಿಂತ ಮೆತ್ತಗಿದ್ದರೆ ಗಾಲಿ ನೇರವಾಗಿ ಓಡುತ್ತಿದ್ದರೂ ಶಾಪಿಗೆ ಒಯ್ಯಿರಿ, ಮತ್ತು ಬೆಂಡ್ ತೆಗೆಯಿರಿ ಎನ್ನುವ ಬದಲು ಕಡ್ಡಿಗಳ ಬಿಗಿ ಸಮಮಾಡಿಕೊಡಿ ಎಂದು ಕೇಳಿರಿ.