ಉಸಿರಿನ ಪೈಪಿನಲ್ಲಿ ನಿಂತ ನೀರು

ಇವತ್ತು ಓಟಿಯಲ್ಲಿ ಉದ್ದದ ಕೇಸ್. ಮಧ್ಯಾಹ್ನದ ಹೊತ್ತಿಗೆ ಅನಸ್ತೇಸಿಯಾ ಮಷೀನಿನ ಸುಕ್ಕು ಪೈಪಿನಲ್ಲಿ ನೀರು ನಿಂತಿತ್ತು. ಪ್ರತಿ ಉಸಿರಿಗೂ ಅದು ಅತ್ತಿತ್ತ ಅಲ್ಲಾಡುತ್ತಿತ್ತು. ಪರದೆಯ ಮೇಲೆ ಗಾಳಿಯ ಹರಿವು ತೋರಿಸುವ ಫ್ಲೋ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು.

ಈ ನೀರಿನಲ್ಲಿ ಒಂದಷ್ಟು ರೋಗಿಯ ಉಸಿರಿನದ್ದು. ಉಳಿದದ್ದು ಸೋಡಾ ಲೈಮ್‌ನದ್ದು, ಅಂದರೆ ರೋಗಿ ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಲು ಮಷೀನಿನಲ್ಲಿ ಇಡುವ ಸುಣ್ಣದ ಹರಳುಗಳದ್ದು. ಹಾಗೆ ಹೀರುವಾಗ ಅದು ಬಿಸಿಯಾಗುತ್ತದೆ, ನೀರನ್ನೂ ಬಿಡುತ್ತದೆ. ಆ ಬಿಸಿ ಆವಿ ಎಸಿ ಕೋಣೆಯ ತಣ್ಣನೆಯ ಪೈಪಿಗೆ ತಾಗಿದರೆ ಹನಿಗಟ್ಟುತ್ತದೆ. ಫ್ರೆಶ್ ಗ್ಯಾಸ್, ಅಂದರೆ ಪೈಪಿಗೆ ಹೊಸದಾಗಿ ಬಿಡುವ ಒಣ ಗಾಳಿ, ನಿಮಿಷಕ್ಕೆ 1 ಲೀಟರಿಗಿಂತ ಕಡಿಮೆ ಇಟ್ಟರಂತೂ ಇನ್ನೂ ಜಾಸ್ತಿ. ಒಣ ಗಾಳಿ ಒಳಗೆ ಬರೋದೇ ಕಡಿಮೆ ಅಲ್ವಾ?

ಹಾಗಂತ ತೇವವೇ ಬೇಡ ಅನ್ನುವಂತಿಲ್ಲ. ಗಂಟಲಿಗೆ ಟ್ಯೂಬ್ ಹಾಕಿದವರಿಗೆ ಗಾಳಿಯನ್ನು ಬೆಚ್ಚಗೆ, ಹಸಿಯಾಗಿ ಮಾಡಿಕೊಡಲು ಮೂಗಿನ ನೆರವಿರುವುದಿಲ್ಲ. ಎಚ್ಚರವಾಗಿರುವಾಗ ಮೂಗು ಸುಮ್ನೆ ಮಾಡುವ ಈ ಕೆಲಸ ಎಷ್ಟು ದೊಡ್ಡದು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ತೊಂದರೆ ಇರುವುದು ನಿಂತ ನೀರಿನಿಂದ. ಫ್ಲೋ ಸೆನ್ಸರ್ ಮೇಲೆ ಹನಿ ಕೂತರೆ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿಯ ಪ್ರಮಾಣ) ತಪ್ಪು ತೋರಿಸಬಹುದು. ವಾಲ್ವಿನ ತೆಳು ಬಿಲ್ಲೆ ಅಂಟಿಕೊಳ್ಳಬಹುದು. ಹಾಗಾಗಿ ಪೈಪನ್ನು ರೋಗಿಯ ಬಾಯಿಗಿಂತ ಕೆಳಗೆ ಇಳಿಬಿಡಬೇಕು, ನೀರು ಹಿಡಿದಿಡುವ ಬಟ್ಟಲು, ಅಂದರೆ ವಾಟರ್ ಟ್ರ್ಯಾಪ್, ಎಲ್ಲಕ್ಕಿಂತ ತಗ್ಗಿನಲ್ಲಿರಬೇಕು. ಪೈಪ್ ಎತ್ತಿ ನೀರು ಸರಿಸುವಾಗ ಒಂದು ಹನಿಯೂ ರೋಗಿಯ ಕಡೆ ಜಾರಬಾರದು. ಈ ಒಂದು ಮಾತನ್ನು ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ. ಮೊದಲು ರೋಗಿಯ ತುದಿ ನೋಡಿ, ಆಮೇಲೆ ಪೈಪ್ ಮುಟ್ಟಿ.